ರಾಜ್ಯದ ಬಜೆಟ್ ಕೊರತೆ ಕೊಡಗಿನ ತೋಟ, ಮನೆಗಳನ್ನು ಹೇಗೆ ತಟ್ಟುತ್ತದೆ?

ಪ್ರಶ್ನೆ: ಪೊನ್ನಂಪೇಟೆ ತಾಲ್ಲೂಕಿನಲ್ಲಿ ನಮ್ಮ ಒಕ್ಕದ (ಒಂದೇ ಮನೆತನದ ಕುಟುಂಬಗಳ) ಜಮ್ಮಾ ಬಾಣೆಯಲ್ಲಿ, ಎಂದರೆ ವಂಶಪಾರಂಪರ್ಯವಾಗಿ ಬಂದ ಗುಡ್ಡದ ಹಿಡುವಳಿಯಲ್ಲಿ, ನಮ್ಮ ಅನುಭೋಗದಲ್ಲಿರುವ ಸುಮಾರು ಆರು ಎಕರೆ ಕಾಫಿ ತೋಟವಿದೆ. ವಿರಾಜಪೇಟೆ ಪಟ್ಟಣದಲ್ಲಿ ತಂದೆಯವರ ಹೆಸರಿನಲ್ಲಿದ್ದ ಒಂದು ಮನೆಯೂ ಇದೆ. ರಾಜ್ಯ ಸರ್ಕಾರದ ಖಜಾನೆ ಖಾಲಿಯಾಗಿದೆ, ಸಾಲ ಮಿತಿ ಮೀರಿದೆ ಎಂದು ಎಲ್ಲೆಡೆ ಕೇಳುತ್ತಿದ್ದೇವೆ. ನೋಂದಣಿ ಶುಲ್ಕ ದುಪ್ಪಟ್ಟಾಗಿದೆ, ಊರಿನ ರಸ್ತೆ ಎರಡು ಮಳೆಗಾಲದಿಂದ ದುರಸ್ತಿಯಾಗಿಲ್ಲ. ಬೆಂಗಳೂರಿನಲ್ಲಿರುವ ತಮ್ಮ, ಮುಂದೆ ಜಮೀನಿನ ಮೇಲೆ ದೊಡ್ಡ ತೆರಿಗೆ ಬರುತ್ತದೆ, ಬೆಲೆ ಬೀಳುವ ಮೊದಲೇ ಮಾರಿಬಿಡೋಣ ಎನ್ನುತ್ತಾನೆ. ಸರ್ಕಾರದ ಹಣಕಾಸಿನ ತೊಂದರೆ ನಮ್ಮ ಆಸ್ತಿಯವರೆಗೆ ಬರುತ್ತದೆಯೇ? ನಾವು ಏನು ಮಾಡಬೇಕು?

ಉತ್ತರ: ರಾಜ್ಯ ಸರ್ಕಾರ ಮಾಡಿದ ಸಾಲಕ್ಕೆ ನಿಮ್ಮ ತೋಟವಾಗಲಿ ಮನೆಯಾಗಲಿ ಹೊಣೆಯಲ್ಲ. ಸಂವಿಧಾನದ 265ನೇ ವಿಧಿಯ ಪ್ರಕಾರ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ, ವಸೂಲು ಮಾಡುವಂತಿಲ್ಲ. ಆದ್ದರಿಂದ ಒಂದು ದಿನ ಬೆಳಗಾಗುವುದರೊಳಗೆ ಎಕರೆಗೆ ಇಷ್ಟು ಎಂದು ದೊಡ್ಡ ತೆರಿಗೆ ಬಂದು ಬೀಳುತ್ತದೆಂಬ ಭಯಕ್ಕೆ ಆಧಾರವಿಲ್ಲ. ಹಾಗೆಂದು ಖಜಾನೆಯ ಕೊರತೆ ನಿಮ್ಮನ್ನು ತಟ್ಟುವುದಿಲ್ಲ ಎಂದು ನಾನು ಹೇಳಲಾರೆ. ಅದು ತಟ್ಟುತ್ತದೆ, ಈಗಾಗಲೇ ತಟ್ಟಿದೆ. ಆದರೆ ಕೊಡಗಿನಂಥ ಗುಡ್ಡಗಾಡು ಜಿಲ್ಲೆಯಲ್ಲಿ ಸರ್ಕಾರ ನಮ್ಮಿಂದ ಹೆಚ್ಚಾಗಿ ಕೇಳುವ ಹಣಕ್ಕಿಂತ, ಅದು ಇಲ್ಲಿ ಖರ್ಚು ಮಾಡದೆ ಉಳಿಸಿಕೊಳ್ಳುವ ಹಣದಿಂದ ಆಗುವ ನಷ್ಟವೇ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ತಮ್ಮನವರು ಮೊದಲನೆಯದನ್ನು ನೋಡಿ ಹೆದರಿದ್ದಾರೆ. ನೀವು ಎರಡನೆಯದನ್ನು ನೋಡಿ ಸಿದ್ಧರಾಗಬೇಕು.

ತೊಂದರೆ ಎಷ್ಟರಮಟ್ಟಿಗಿದೆ ಎಂಬುದನ್ನು ಅಂಕಿಗಳಿಂದಲೇ ತಿಳಿಯುವುದು ಒಳ್ಳೆಯದು. ಮುಖ್ಯಮಂತ್ರಿ ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು ಮಂಡಿಸಿದ 2025-26ನೇ ಸಾಲಿನ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಇದರಲ್ಲಿ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ, ದಿನನಿತ್ಯದ ಆಡಳಿತ ಇವೆಲ್ಲ ಸೇರಿದ ರಾಜಸ್ವ ವೆಚ್ಚ 3,11,739 ಕೋಟಿ. ರಸ್ತೆ, ಸೇತುವೆ, ಕಟ್ಟಡ, ನೀರಾವರಿಯಂಥ ಬಂಡವಾಳ ವೆಚ್ಚ 71,336 ಕೋಟಿ. ಹಳೆಯ ಸಾಲದ ಅಸಲಿನ ಮರುಪಾವತಿ 26,474 ಕೋಟಿ. ರಾಜಸ್ವ ಆದಾಯವಾಗಿ ಬರುವ ನಿರೀಕ್ಷೆಯಿದ್ದದ್ದು 2,92,477 ಕೋಟಿ ಮಾತ್ರ. ಎಂದರೆ ದಿನನಿತ್ಯದ ವೆಚ್ಚಕ್ಕೇ 19,262 ಕೋಟಿ ಸಾಲದು. ಆ ಒಂದು ವರ್ಷದಲ್ಲಿ ಎತ್ತಬೇಕೆಂದಿದ್ದ ಸಾಲ 1,16,000 ಕೋಟಿ. ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಕೊಳ್ಳಲು ಮಾಡಿದ ಸಾಲ ಫಸಲಿನಲ್ಲಿ ತೀರುತ್ತದೆ, ತಿಂಗಳ ದಿನಸಿಗೆ ಮಾಡಿದ ಸಾಲಕ್ಕೆ ಹಿಂದೆ ಯಾವ ಫಸಲೂ ಇರುವುದಿಲ್ಲ. ರಾಜಸ್ವ ಕೊರತೆ ಎಂದರೆ ಈ ಎರಡನೆಯ ಬಗೆಯ ಸಾಲ.

ಕರ್ನಾಟಕ ಹಣಕಾಸಿನ ಶಿಸ್ತಿಗೆ ಹೆಸರಾದ ರಾಜ್ಯ. 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ತಂದು, ವಿತ್ತೀಯ ಕೊರತೆ (ಸಾಲ ಬಿಟ್ಟು ಉಳಿದ ಆದಾಯಕ್ಕಿಂತ ಹೆಚ್ಚಾದ ವೆಚ್ಚ) ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 3ನ್ನು ಮೀರಬಾರದು, ಒಟ್ಟು ಹೊಣೆಗಾರಿಕೆ ಶೇ 25ರೊಳಗಿರಬೇಕು, ರಾಜಸ್ವ ಖಾತೆಯಲ್ಲಿ ಉಳಿತಾಯವಿರಬೇಕು ಎಂಬ ಕಟ್ಟುಪಾಡನ್ನು ಹಾಕಿಕೊಂಡಿತು. 2025-26ರ ಬಜೆಟ್‌ನಲ್ಲಿ ವಿತ್ತೀಯ ಕೊರತೆ ಶೇ 2.95, ಒಟ್ಟು ಹೊಣೆಗಾರಿಕೆ 7,64,655 ಕೋಟಿ, ಎಂದರೆ ಶೇ 24.91. ಸಾಲ ಮಿತಿ ಮೀರಿದೆ ಎಂಬುದು ಆದ್ದರಿಂದ ಸರಿಯಲ್ಲ. ಆದರೆ ಮಿತಿಯ ಅಂಚಿಗೆ ಬಂದು ನಿಂತಿದೆ ಎಂಬುದು ನಿಜ, ಮೂರನೆಯ ಕಟ್ಟುಪಾಡು ಮುರಿದಿದೆ ಎಂಬುದೂ ನಿಜ. ಅಂಚಿನಲ್ಲಿ ನಿಂತ ಸರ್ಕಾರಕ್ಕೆ ಹೆಚ್ಚು ಸಾಲ ಎತ್ತಿ ದಾರಿ ಮಾಡಿಕೊಳ್ಳುವ ಅವಕಾಶ ಕಡಿಮೆ. ಅದು ಒಂದೋ ಶುಲ್ಕ ಏರಿಸಬೇಕು, ಇಲ್ಲವೇ ಕೆಲಸ ಮುಂದೂಡಬೇಕು.

ಕಾರಣ ಯಾವುದೆಂದು ಕೇಳಿದರೆ ಹೆಚ್ಚಿನವರು ಐದು ಗ್ಯಾರಂಟಿಗಳತ್ತ ಕೈ ತೋರಿಸುತ್ತಾರೆ. ಅವುಗಳಿಗೆ 2025-26ರಲ್ಲಿ ಮೀಸಲಿಟ್ಟದ್ದು 51,034 ಕೋಟಿ. ಇದು ಸಣ್ಣ ಮೊತ್ತವಲ್ಲ, ಕೊರತೆಯ ಲೆಕ್ಕದಲ್ಲಿ ಅದನ್ನು ಮರೆಮಾಚುವುದು ಸಾಧ್ಯವಿಲ್ಲ. ಆದರೆ ಅದೊಂದೇ ಕಾರಣವಲ್ಲ. ಜಿಎಸ್‌ಟಿ ಜಾರಿಯಾದಾಗ ರಾಜ್ಯಗಳಿಗೆ ಕೊಡುತ್ತಿದ್ದ ನಷ್ಟ ಪರಿಹಾರ 2022ರ ಜೂನ್‌ಗೆ ನಿಂತಿತು. 15ನೇ ಹಣಕಾಸು ಆಯೋಗದ ಅವಧಿಯಲ್ಲಿ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ವರದಿ ಜಾರಿಯಾಗಿ ಸಂಬಳ, ಪಿಂಚಣಿಗಳ ಹೊರೆ ಏರಿತು. ಇವು ನಾಲ್ಕೂ ಹತ್ತಿರ ಹತ್ತಿರದ ವರ್ಷಗಳಲ್ಲಿ ಒಟ್ಟಾದವು. ತೋಟದ ಲೈನ್ ಮನೆಯಲ್ಲಿರುವ ಹೆಂಗಸಿನ ಕೈಗೆ ತಿಂಗಳಿಗೆ 2,000 ರೂಪಾಯಿ ನೇರವಾಗಿ ಸೇರುವುದು ಕೊಡಗಿನ ಬದುಕಿನಲ್ಲಿ ಏನು ಬದಲಾವಣೆ ತಂದಿದೆಯೆಂದು ಬಲ್ಲವರು ಅದನ್ನು ಬರೀ ದುಂದು ಎಂದು ಕರೆಯಲಾರರು. ಪ್ರಶ್ನೆ ಇರುವುದು ಆ ಖರ್ಚಿಗೆ ಎದುರಾಗಿ ಯಾವುದು ಕಡಿತವಾಗುತ್ತಿದೆ ಎಂಬಲ್ಲಿ.

ಸಂಬಳ ನಿಲ್ಲಿಸಲಾಗುವುದಿಲ್ಲ, ಪಿಂಚಣಿ ನಿಲ್ಲಿಸಲಾಗುವುದಿಲ್ಲ, ಬಡ್ಡಿ ತಪ್ಪಿಸಲಾಗುವುದಿಲ್ಲ. ತಿಂಗಳ ತಿಂಗಳ ಜನರ ಖಾತೆಗೆ ಹೋಗುವ ಹಣ ಎರಡು ತಿಂಗಳು ತಡವಾದರೂ ಸುದ್ದಿಯಾಗುತ್ತದೆ. ಸುದ್ದಿಯಾಗದೆ ಮುಂದಕ್ಕೆ ಹಾಕಬಹುದಾದದ್ದು ಕಾಮಗಾರಿ ಮಾತ್ರ, ಅದರಲ್ಲಿಯೂ ನಿರ್ವಹಣೆಯ ಕಾಮಗಾರಿ. ಹೊಸ ಸೇತುವೆಗೆ ಶಂಕುಸ್ಥಾಪನೆಯಿರುತ್ತದೆ, ಹಳೆಯ ಮೋರಿಯ ಹೂಳೆತ್ತುವುದಕ್ಕೆ ಏನೂ ಇರುವುದಿಲ್ಲ. 2023-24ನೇ ಸಾಲಿನ ರಾಜ್ಯ ಹಣಕಾಸಿನ ಬಗ್ಗೆ ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) ಕೊಟ್ಟ ವರದಿಯೂ ಇದನ್ನೇ ತೋರಿಸಿತು: ಆ ವರ್ಷ ರಾಜಸ್ವ ಖಾತೆ ಕೊರತೆಗೆ ಇಳಿಯಿತು, ಬಂಡವಾಳ ವೆಚ್ಚ ಹಿಂದಿನ ವರ್ಷಕ್ಕಿಂತ ತಗ್ಗಿತು, ಅಪೂರ್ಣ ಕಾಮಗಾರಿಗಳು ಹೆಚ್ಚಿದವು. ಸಾವಿರಾರು ಕೋಟಿಯ ಬಿಲ್ ಬಾಕಿ ಇದೆಯೆಂದು ರಾಜ್ಯದ ಗುತ್ತಿಗೆದಾರರ ಸಂಘ ಬಹಿರಂಗವಾಗಿ ಹೇಳುತ್ತ ಬಂದಿದೆ. ಬಿಲ್ ಯಾವಾಗ ಆಗುತ್ತದೆಂದು ತಿಳಿಯದ ಗುತ್ತಿಗೆದಾರ ಒಂದೋ ಟೆಂಡರ್‌ಗೆ ಬರುವುದಿಲ್ಲ, ಇಲ್ಲವೇ ಕಾಯುವ ಅವಧಿಯ ಬಡ್ಡಿಯನ್ನೂ ಸೇರಿಸಿ ದರ ಹಾಕುತ್ತಾನೆ.

ನಿಮ್ಮ ಊರಿನ ರಸ್ತೆಯ ವಿಷಯಕ್ಕೆ ಬರುವ ಮೊದಲು, ಸರ್ಕಾರ ಹೆಚ್ಚಾಗಿ ಕೇಳುತ್ತಿರುವ ಹಣದ ಲೆಕ್ಕವನ್ನು ಮುಗಿಸಿಬಿಡುತ್ತೇನೆ. ಆಸ್ತಿಯ ಮೇಲೆ ರಾಜ್ಯ ಕೈ ಇಡುವುದು ಮುಖ್ಯವಾಗಿ ಆಸ್ತಿ ಕೈ ಬದಲಿಸುವ ದಿನ. 2025-26ರಲ್ಲಿ ಮುದ್ರಾಂಕ ಮತ್ತು ನೋಂದಣಿಯಿಂದ 28,000 ಕೋಟಿ ತರಬೇಕೆಂಬ ಗುರಿಯಿತ್ತು. ಈ ಬಾಬಿನ ಆದಾಯ ಹೆಚ್ಚಿಸಲು 2023ರ ಅಕ್ಟೋಬರ್ 1ರಿಂದಲೇ ಮಾರ್ಗಸೂಚಿ ದರವನ್ನು (ನೋಂದಣಿಗಾಗಿ ಸರ್ಕಾರ ಆಸ್ತಿಗೆ ನಿಗದಿ ಮಾಡುವ ಕನಿಷ್ಠ ಬೆಲೆಯನ್ನು) ರಾಜ್ಯದಾದ್ಯಂತ ಸರಾಸರಿ ಶೇ 30ರಷ್ಟು ಏರಿಸಲಾಯಿತು. 2024ರ ಆರಂಭದಲ್ಲಿ ಮುದ್ರಾಂಕ ಕಾಯ್ದೆಗೆ ತಿದ್ದುಪಡಿಯಾಗಿ ಪ್ರಮಾಣಪತ್ರದ ಛಾಪಾ ಕಾಗದ 20 ರೂಪಾಯಿಯಿಂದ 100 ರೂಪಾಯಿಗೆ ಹೋಯಿತು, ಕೃಷಿ ಜಮೀನಿನ ಪಾಲುಪತ್ರಕ್ಕೆ ಪ್ರತಿ ಪಾಲಿಗೆ 250 ಇದ್ದದ್ದು 1,000 ಆಯಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು.

ಒಂದು ಲೆಕ್ಕ ಹಾಕಿ ನೋಡೋಣ. ಗ್ರಾಮಾಂತರ ಪ್ರದೇಶದ ಆಸ್ತಿಯೊಂದು 50 ಲಕ್ಷಕ್ಕೆ ಕ್ರಯವಾಗುತ್ತದೆ ಎಂದುಕೊಳ್ಳಿ. ಶೇ 5ರಂತೆ ಮುದ್ರಾಂಕ ಶುಲ್ಕ 2,50,000. ಅದರ ಮೇಲೆ ಶೇ 10ರ ಸೆಸ್ 25,000, ಶೇ 3ರ ಸರ್ಚಾರ್ಜ್ 7,500. ಹಿಂದಿನ ನೋಂದಣಿ ಶುಲ್ಕ 50,000 ಸೇರಿದರೆ ಒಟ್ಟು 3,32,500 ಆಗುತ್ತಿತ್ತು. ಈಗ ನೋಂದಣಿ ಶುಲ್ಕವೇ ಒಂದು ಲಕ್ಷವಾದ್ದರಿಂದ 3,82,500. ಇದನ್ನು ಕೊಡುವುದು ಸಾಮಾನ್ಯವಾಗಿ ಕೊಳ್ಳುವವರು. ಆದರೆ ಅವರು ತಮ್ಮ ಒಟ್ಟು ಖರ್ಚನ್ನು ಮನಸ್ಸಿನಲ್ಲಿಟ್ಟೇ ಬೆಲೆ ಮಾತಾಡುವುದರಿಂದ ಅದರ ಒಂದು ಭಾಗ ಮಾರುವವರ ಮೇಲೂ ಬೀಳುತ್ತದೆ. ಮಾರಿಬಿಡೋಣ ಎನ್ನುವವರು ಗಮನಿಸಬೇಕಾದದ್ದು ಇದು: ಸದ್ಯದ ಶುಲ್ಕ ಏರಿಕೆಯ ಭಾರ ಮಾರಾಟದ ಮೇಲೆಯೇ ಹೆಚ್ಚು, ಜಮೀನು ಇಟ್ಟುಕೊಂಡು ಸಾಗುವಳಿ ಮಾಡುವವರ ಮೇಲೆ ನೇರವಾಗಿ ಕಡಿಮೆ. ಜಮೀನಿನ ಕಂದಾಯ ಇಂದಿಗೂ ಅಲ್ಪ ಮೊತ್ತವೇ.

ಸಾಗುವಳಿಯ ಖರ್ಚು ಮಾತ್ರ ಬೇರೆ ಬಾಗಿಲಿನಿಂದ ಏರಿದೆ. ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 14.34ರಿಂದ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ 21.17ಕ್ಕೆ ಹೋಯಿತು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸುವವರಿಗೆ ಇದು ಪ್ರತಿದಿನದ ಲೆಕ್ಕ. ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಯ ಹೊರೆಯೆಂದು ಯೂನಿಟ್‌ಗೆ 36 ಪೈಸೆ ಸೇರಿಸಿದ್ದೂ ಅದೇ ಏಪ್ರಿಲ್‌ನಿಂದ. ಸಹಾಯಧನದ ರೂಪದಲ್ಲಿ ಬರಬೇಕಾದ ಯಾವುದೇ ಹಣವನ್ನು ನಂಬಿ ಬಿಲ್ ಬಾಕಿ ಉಳಿಸಿಕೊಳ್ಳಬೇಡಿ ಎಂಬುದು ನನ್ನ ಸಲಹೆ. ಕೊರತೆಯ ವರ್ಷಗಳಲ್ಲಿ ಸಹಾಯಧನ ರದ್ದಾಗುವುದಕ್ಕಿಂತ ತಡವಾಗುವುದೇ ಹೆಚ್ಚು, ಬಾಕಿಯ ಮೇಲಿನ ಬಡ್ಡಿ ಮಾತ್ರ ತಡವಾಗುವುದಿಲ್ಲ.

ಪಟ್ಟಣದ ಮನೆಯ ತೆರಿಗೆಯ ವಿಚಾರ ಸ್ವಲ್ಪ ಬೇರೆ. ಅದು ರಾಜ್ಯದ ಖಜಾನೆಗೆ ಹೋಗದೆ ಸ್ಥಳೀಯ ಸಂಸ್ಥೆಯಲ್ಲೇ ಉಳಿಯುತ್ತದೆ. 2021ರ ತಿದ್ದುಪಡಿಯ ನಂತರ ಅದು ಮಾರ್ಗಸೂಚಿ ದರದೊಂದಿಗೆ ಜೋಡಣೆಯಾಗಿದೆ ಮತ್ತು ಪ್ರತಿವರ್ಷ ಶೇ 3ರಿಂದ 5ರವರೆಗೆ ಏರುತ್ತದೆ. ರಾಜ್ಯದಿಂದ ಬರುವ ಅನುದಾನ ತೆಳುವಾದಷ್ಟೂ ಪಟ್ಟಣ ಸಂಸ್ಥೆಗಳು, ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ವಸೂಲಿಯನ್ನೇ ನೆಚ್ಚಬೇಕಾಗುತ್ತದೆ. ಆದ್ದರಿಂದ ಬಾಕಿ ವಸೂಲಿ ಬಿಗಿಯಾಗುವುದನ್ನು ನಿರೀಕ್ಷಿಸಿ. ನಾನು ಇದನ್ನು ಕೆಟ್ಟದ್ದೆಂದು ಭಾವಿಸುವುದಿಲ್ಲ. ಬೆಂಗಳೂರಿಗೆ ಹೋಗಿ ಮರಳಿ ಬರಬೇಕಾದ ಹಣಕ್ಕಿಂತ ವಿರಾಜಪೇಟೆಯಲ್ಲೇ ಉಳಿಯುವ ಹಣದ ಲೆಕ್ಕ ಕೇಳುವುದು ನಿಮಗೆ ಸುಲಭ.

ಇನ್ನು ಖರ್ಚಾಗದ ಹಣದ ವಿಷಯ. ಬಯಲುಸೀಮೆಯ ರಸ್ತೆಯ ದುರಸ್ತಿ ಒಂದು ವರ್ಷ ತಪ್ಪಿದರೆ ಗುಂಡಿ ದೊಡ್ಡದಾಗುತ್ತದೆ. ಕೊಡಗಿನಲ್ಲಿ ಒಂದು ಮಳೆಗಾಲ ತಪ್ಪಿದರೆ ರಸ್ತೆಯೇ ಇರುವುದಿಲ್ಲ. ಮೇ ತಿಂಗಳಲ್ಲಿ ಚರಂಡಿಯ ಹೂಳೆತ್ತದಿದ್ದರೆ ಜೂನ್‌ನ ನೀರು ರಸ್ತೆಯ ಮೇಲೆ ಹರಿದು ಡಾಂಬರಿನ ಅಡಿಯ ಮಣ್ಣನ್ನು ಕೊಂಡೊಯ್ಯುತ್ತದೆ, ಕೆಳಗಿನ ತೋಟದ ಬರೆಯನ್ನು (ಇಳಿಜಾರಿನ ಮಣ್ಣಿನ ದಿಬ್ಬವನ್ನು) ನೆನೆಸುತ್ತದೆ, ಆಗಸ್ಟ್ ವೇಳೆಗೆ ಬರೆ ಜರಿಯುತ್ತದೆ. ಕೆಲವೇ ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಲಕ್ಷಗಳ ತಡೆಗೋಡೆಯ ಕೆಲಸವಾಗುತ್ತದೆ. ಆ ಲಕ್ಷಗಳು ಮಂಜೂರಾಗುವವರೆಗೆ ಬರೆಯ ಕೆಳಗಿನ ಕಾಫಿ, ಮೆಣಸು ಕೊಚ್ಚಿಹೋದದ್ದು ತೋಟದವರ ನಷ್ಟವಾಗಿಯೇ ಉಳಿಯುತ್ತದೆ. ಖಜಾನೆಯ ಪುಸ್ತಕದಲ್ಲಿ ಉಳಿತಾಯವೆಂದು ಕಾಣುವುದು ಇಲ್ಲಿ ಜನರ ಆಸ್ತಿಯಿಂದ ಕಿತ್ತುಕೊಂಡದ್ದಾಗಿರುತ್ತದೆ. ಎರಡೇ ವಿಧಾನಸಭಾ ಕ್ಷೇತ್ರಗಳಿರುವ ಜಿಲ್ಲೆಗೆ ಅನುದಾನ ಹಂಚಿಕೆಯಲ್ಲಿ ಧ್ವನಿ ಸಣ್ಣದು. 1952ರಿಂದ 1956ರವರೆಗೆ ಸಿ.ಎಂ. ಪೂಣಚ್ಚನವರ ಮುಖ್ಯಮಂತ್ರಿತ್ವದಲ್ಲಿ ಕೊಡಗು ತನ್ನದೇ ಬಜೆಟ್ ಮಾಡಿಕೊಳ್ಳುತ್ತಿದ್ದ ರಾಜ್ಯವಾಗಿತ್ತು ಎಂಬುದನ್ನು ಹಿರಿಯರು ಇಂಥ ವರ್ಷಗಳಲ್ಲೇ ಹೆಚ್ಚು ನೆನೆಯುವುದು ಸಹಜ.

ವಿಪತ್ತಿನ ಪರಿಹಾರದಲ್ಲಿ ರಾಜ್ಯದ ಖಜಾನೆಯ ಸ್ಥಿತಿ ಎಷ್ಟು ಮುಖ್ಯವೆಂಬುದಕ್ಕೆ 2018ರ ಆಗಸ್ಟ್‌ಗಿಂತ ಬೇರೆ ಉದಾಹರಣೆ ಬೇಕಿಲ್ಲ. ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ, ಕಾಲೂರು ಸುತ್ತ ಗುಡ್ಡಗಳೇ ಜರಿದವು. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ಕೇಂದ್ರದ ಪಾಲು ಶೇ 75, ರಾಜ್ಯದ ಪಾಲು ಶೇ 25. ಆ ನಿಧಿಯ ಅಂದಿನ ನಿಯಮದಂತೆ ಗುಡ್ಡಗಾಡಿನಲ್ಲಿ ಪೂರ್ತಿ ಕುಸಿದ ಪಕ್ಕಾ ಮನೆಗೆ ಸಿಗುತ್ತಿದ್ದದ್ದು ಸುಮಾರು ಒಂದು ಲಕ್ಷ. ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ಸಂತ್ರಸ್ತರಿಗಾಗಿ ಕಟ್ಟಿದ ಒಂದೊಂದು ಮನೆಯ ವೆಚ್ಚ ಹತ್ತು ಲಕ್ಷದ ಸಮೀಪ. ನಡುವಿನ ಅಂತರವನ್ನು ತುಂಬಿದ್ದು ರಾಜ್ಯದ ಸ್ವಂತ ಹಣ ಮತ್ತು ದಾನಿಗಳು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಕೊಡಲು ಸಾಧ್ಯವಾದದ್ದೂ ರಾಜ್ಯ ತನ್ನ ಕೈಯಿಂದ ಸೇರಿಸಿದ್ದರಿಂದ. 2022ರಿಂದ 2026ರವರೆಗಿನ ಕೇಂದ್ರ ನಿಯಮದಲ್ಲಿ ಗುಡ್ಡಗಾಡಿನ ಮನೆಗೆ ಇದ್ದದ್ದು 1.30 ಲಕ್ಷ. ಅದರ ಮೇಲೆ ಎಷ್ಟು ಸೇರುತ್ತದೆ ಎಂಬುದು ಆ ವರ್ಷದ ಖಜಾನೆಯ ಶಕ್ತಿಯನ್ನು, ಅಂದಿನ ಸರ್ಕಾರದ ಮನಸ್ಸನ್ನು ಅವಲಂಬಿಸಿದ್ದು, ಯಾರೂ ಹಕ್ಕೆಂದು ಕೇಳಬಹುದಾದದ್ದಲ್ಲ. ಆದ್ದರಿಂದ ಇಳಿಜಾರಿನಲ್ಲಿ ಮನೆ, ಕಣ, ಗೋದಾಮು ಇರುವವರು ವಿಮೆಯನ್ನು ಐಚ್ಛಿಕವೆಂದು ತಿಳಿಯಬಾರದು. ಪಾಲಿಸಿಯಲ್ಲಿ ಭೂಕುಸಿತ ಮತ್ತು ಪ್ರವಾಹ ಎರಡೂ ಸೇರಿವೆಯೇ ಎಂಬುದನ್ನು ಬರಹದಲ್ಲಿ ನೋಡಿಯೇ ಕಂತು ಕಟ್ಟಬೇಕು.

ಆನೆ ಹಾವಳಿಯ ಪ್ರದೇಶಗಳಲ್ಲೂ ಇದೇ ಕಥೆ. ರೈಲು ಕಂಬಿಯ ತಡೆಬೇಲಿ ಎಲ್ಲಿಯವರೆಗೆ ಬಂದು ನಿಂತಿದೆಯೋ ಅಲ್ಲಿಂದಾಚೆಗಿನ ತೋಟಗಳಿಗೆ ಹಾವಳಿ ಇನ್ನೂ ಹೆಚ್ಚುತ್ತದೆ, ಅಲ್ಲಿ ಕೆಲಸಕ್ಕೆ ಬರಲು ಜನ ಹಿಂಜರಿಯುತ್ತಾರೆ, ಆ ತೋಟದ ಬೆಲೆಯೂ ಅದನ್ನು ಅನುಸರಿಸುತ್ತದೆ. ಶಿಕ್ಷಣಕ್ಕೂ ಇದು ತಪ್ಪಲಿಲ್ಲ: ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯವೂ ಸೇರಿದಂತೆ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಹಣದ ಅಭಾವದಿಂದ ಮುಚ್ಚುವ ವಿಚಾರವನ್ನು 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೇ ಚರ್ಚಿಸಿತು. ಒಂದು ವಿಶ್ವವಿದ್ಯಾಲಯವನ್ನು ನಂಬಿ ಸುತ್ತಮುತ್ತ ಬಾಡಿಗೆ ಮನೆ ಕಟ್ಟಿದವರಿಗೆ, ಅಂಗಡಿ ತೆರೆದವರಿಗೆ ಅಂಥ ಸುದ್ದಿ ಏನೆಂಬುದನ್ನು ಬಜೆಟ್ ಪುಸ್ತಕ ಹೇಳುವುದಿಲ್ಲ.

ಹಾಗಾದರೆ ಬೆಲೆ ಬೀಳುತ್ತದೆಯೇ? ಕೊಡಗಿನ ತೋಟದ ಬೆಲೆಯನ್ನು ನಡೆಸುವುದು ರಾಜ್ಯದ ಬಜೆಟ್‌ಗಿಂತ ಹೆಚ್ಚಾಗಿ ಕಾಫಿಯ ಬೆಲೆ ಮತ್ತು ಹೊರಗಿನಿಂದ ಬರುವ ಬೇಡಿಕೆ. ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು. 2025ರ ಆರಂಭದಲ್ಲಿ 50 ಕೆ.ಜಿ.ಯ ರೋಬಸ್ಟಾ ಚೆರಿ (ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು) ಚೀಲ 10,000 ರೂಪಾಯಿ ದಾಟಿದ್ದನ್ನು ನೀವೇ ಕಂಡಿದ್ದೀರಿ. ಕಾಫಿಯ ಬೆಲೆ ಏರುತ್ತದೆ, ಇಳಿಯುತ್ತದೆ, ಅದರ ಭವಿಷ್ಯವನ್ನು ನಾನು ಹೇಳುವುದಿಲ್ಲ. ಆದರೆ ಸರ್ಕಾರದ ಕೊರತೆ ಎಂಬ ಒಂದೇ ಕಾರಣಕ್ಕೆ ಇಡೀ ಜಿಲ್ಲೆಯ ಜಮೀನಿನ ಬೆಲೆ ಕುಸಿಯುತ್ತದೆ ಎಂದು ನಂಬಲು ಕಾರಣವಿಲ್ಲ. ಆಗುವುದೇನೆಂದರೆ ಅಂತರ ಹೆಚ್ಚುತ್ತದೆ. ಲಾರಿ ಬರುವ ರಸ್ತೆ, ಗಟ್ಟಿಯಾದ ಬರೆ, ಸ್ವಚ್ಛವಾದ ದಾಖಲೆ ಇರುವ ತೋಟ ಒಂದು ಕಡೆ, ಇವಿಲ್ಲದ ತೋಟ ಇನ್ನೊಂದು ಕಡೆ. ರಸ್ತೆ ನಿಮ್ಮೊಬ್ಬರ ಕೈಯಲ್ಲಿಲ್ಲ. ದಾಖಲೆ ನಿಮ್ಮ ಕೈಯಲ್ಲಿದೆ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆರು ಎಕರೆ ನಿಮ್ಮ ಅನುಭೋಗದಲ್ಲಿದೆ ಎಂದು ಬರೆದಿದ್ದೀರಿ, ಹೆಸರಿನಲ್ಲಿದೆ ಎಂದು ಬರೆದಿಲ್ಲ. ಜಮ್ಮಾ ಹಿಡುವಳಿಗಳಲ್ಲಿ ಸಾಮಾನ್ಯವಾಗಿ ಆಗಿರುವುದು ಇದೇ. ಒಕ್ಕದ ಒಳಗೆ ಅಜ್ಜಂದಿರ ಕಾಲದಲ್ಲಿ ಮಾತಿನ ಮೇಲೆ ಪಾಲಾಗಿರುತ್ತದೆ, ಬೇಲಿಯೂ ಬಿದ್ದಿರುತ್ತದೆ, ಆದರೆ ಪಹಣಿಯಲ್ಲಿ ಇಂದಿಗೂ ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರು, ಅದರೊಂದಿಗೆ ಒಕ್ಕದ ಹಲವರ ಹೆಸರು ಇರುತ್ತದೆ. 1899ರ ಕೊಡಗು ಭೂ ಮತ್ತು ಕಂದಾಯ ನಿಬಂಧನೆಯಿಂದ ಬಂದ ಈ ವ್ಯವಸ್ಥೆಯಲ್ಲಿ ಬಾಣೆಯ ಒಡೆತನದ ಬಗ್ಗೆ ಇದ್ದ ಗೊಂದಲವನ್ನು ತೆಗೆಯಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯಾಯಿತು. ಆದರೂ ಕಾಯ್ದೆಯ ತಿದ್ದುಪಡಿ ನಿಮ್ಮ ಪಹಣಿಯನ್ನು ತಾನಾಗಿ ತಿದ್ದುವುದಿಲ್ಲ. ಈ ಸ್ಥಿತಿಯಲ್ಲಿ ಬ್ಯಾಂಕಿನ ವಕೀಲರು ಎಲ್ಲ ಪಾಲುದಾರರ ಒಪ್ಪಿಗೆ ಕೇಳುತ್ತಾರೆ, ಕೊಳ್ಳುವವರು ಅದನ್ನೇ ಹಿಡಿದು ಬೆಲೆ ಇಳಿಸುತ್ತಾರೆ. ತಮ್ಮನವರು ಹೇಳಿದಂತೆ ಈಗಲೇ ಮಾರಲು ಹೊರಟರೆ ನೀವು ಕಳೆದುಕೊಳ್ಳುವುದು ಯಾವ ತೆರಿಗೆಗಿಂತಲೂ ಹೆಚ್ಚಾಗಿರುತ್ತದೆ.

ಮೊದಲು ಪಹಣಿ, ಜಮಾಬಂದಿ, ಹಳೆಯ ಸರ್ವೆ ನಕಾಶೆ, ಋಣಭಾರ ಪತ್ರ ಇವುಗಳ ಪ್ರತಿಗಳನ್ನು ತೆಗೆದುಕೊಳ್ಳಿ. ತೀರಿಹೋದವರ ಹೆಸರು ಇದ್ದಲ್ಲಿ ಅದನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಗೆ ಅರ್ಜಿ ಹಾಕಿ. ಒಂದು ಸರ್ವೆ ನಂಬರಿನ ಭಾಗವನ್ನು ಮಾತ್ರ ವರ್ಗಾಯಿಸಬೇಕಾದರೆ ನೋಂದಣಿಗೆ ಮೊದಲು ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು, ಅದಕ್ಕೆ ಭೂಮಾಪಕರು ಸ್ಥಳಕ್ಕೆ ಬರಬೇಕು, ಮಳೆಗಾಲದಲ್ಲಿ ಅಳತೆ ನಡೆಯುವುದು ಕಷ್ಟ. ಸಿಬ್ಬಂದಿ ಕೊರತೆಯ ಕಾಲದಲ್ಲಿ ಈ ಸರದಿ ಉದ್ದವಾಗುತ್ತದೆ, ಆದ್ದರಿಂದ ಅರ್ಜಿಯನ್ನು ಅಕ್ಟೋಬರ್ ತಿಂಗಳಲ್ಲೇ ಕೊಟ್ಟುಬಿಡುವುದು ಲೇಸು. ಸುಗ್ಗಿಯ ಹಬ್ಬವಾದ ಪುತ್ತರಿಗೆ ಒಕ್ಕದವರೆಲ್ಲ ತಮ್ಮ ಮೂಲಮನೆಯಾದ ಐನ್‌ಮನೆಗೆ ಬರುತ್ತಾರೆ, ದೂರದ ಊರುಗಳಲ್ಲಿರುವ ಪಾಲುದಾರರ ಸಹಿಯನ್ನು ಅಲ್ಲಿಯೇ, ಹಿರಿಯರ ಎದುರಿನಲ್ಲಿಯೇ ಪಡೆಯುವುದು ಅಂಚೆಯಲ್ಲಿ ಕಾಗದ ಓಡಾಡಿಸುವುದಕ್ಕಿಂತ ಎಷ್ಟೋ ಉತ್ತಮ. ನಿಮ್ಮ ಬಾಣೆಯಲ್ಲಿ ಪಾಲು ದಾಖಲಾಗಲು ಸಾಧ್ಯವಿರುವ ಕ್ರಮ ಯಾವುದೆಂದು ತಹಶೀಲ್ದಾರರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಜಮ್ಮಾ ಪ್ರಕರಣಗಳನ್ನು ನಡೆಸಿದ ಸ್ಥಳೀಯ ವಕೀಲರೊಬ್ಬರಿಂದ ಪಾಲುಪತ್ರ ಬರೆಸಿ. ಪಾಲಿಗೆ 1,000 ರೂಪಾಯಿಯ ಮುದ್ರಾಂಕ ಎಂದರೆ ಮೂವರು ಪಾಲುದಾರರಿಗೆ 3,000. ಹಿಂದಿನ 750ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು, ಆದರೆ ಮಾರಾಟದ ಶುಲ್ಕದೆದುರು ಇದು ಏನೂ ಅಲ್ಲ. ಮಕ್ಕಳಿಗೋ ಒಡಹುಟ್ಟಿದವರಿಗೋ ದಾನಪತ್ರ ಮಾಡುವುದಾದರೂ ಮುದ್ರಾಂಕ ನಿಗದಿತ ಮೊತ್ತವೇ ಹೊರತು ಬೆಲೆಯ ಶೇಕಡಾವಾರು ಅಲ್ಲ. ಉಯಿಲಿಗೆ ಮುದ್ರಾಂಕವೇ ಬೇಡ. ಸರ್ಕಾರಕ್ಕೆ ಆದಾಯ ಬೇಕಾದ ವರ್ಷಗಳಲ್ಲಿ ಇಂಥ ಅಗ್ಗದ ದಾರಿಗಳ ದರವೂ ಏರಬಹುದು, 2024ರಲ್ಲಿ ಏರಿದೆ. ಅವಸರ ಮಾಡುವುದಾದರೆ ಮಾರಾಟಕ್ಕಲ್ಲ, ಇದಕ್ಕೆ ಮಾಡಿ.

ತೋಟದ ಅಂಚಿನಲ್ಲಿ ಪೈಸಾರಿ (ಸರ್ಕಾರಿ) ಜಾಗ ಸೇರಿಕೊಂಡಿದ್ದರೆ ಅದನ್ನು ನಿಮ್ಮ ಆರು ಎಕರೆಯೊಳಗೆ ಎಣಿಸಬೇಡಿ. ಒತ್ತುವರಿಯಾದ ಸರ್ಕಾರಿ ಜಮೀನನ್ನು ಪ್ಲಾಂಟೇಷನ್ ಬೆಳೆಗಾರರಿಗೆ 25 ಎಕರೆಯವರೆಗೆ 30 ವರ್ಷದ ಗುತ್ತಿಗೆಗೆ ಕೊಡುವ ಯೋಜನೆಯಿದೆ. ಸರ್ಕಾರಕ್ಕೆ ಅದು ಆದಾಯದ ಮೂಲವೂ ಹೌದು. ಆದರೆ ಗುತ್ತಿಗೆ ಪಡೆದವರು ಆ ಜಾಗ ಸರ್ಕಾರದ್ದೆಂದು ಒಪ್ಪಿದಂತೆ. ಹಕ್ಕಿನ ಬಗ್ಗೆ ನಿಮ್ಮ ಬಳಿ ಹಳೆಯ ಕಾಗದವೇನಾದರೂ ಇದ್ದರೆ ಅದನ್ನು ವಕೀಲರಿಗೆ ತೋರಿಸದೆ ಗುತ್ತಿಗೆಯ ಅರ್ಜಿಗೆ ಸಹಿ ಹಾಕಬೇಡಿ.

ವಿರಾಜಪೇಟೆಯ ಮನೆಗೆ ತಂದೆಯವರ ನಂತರ ಖಾತೆ ಬದಲಾಗಿದೆಯೇ ನೋಡಿ. 2024ರ ಅಕ್ಟೋಬರ್‌ನಿಂದ ಇ-ಖಾತೆ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದೆ ನೋಂದಣಿ ಇಲ್ಲ. ತೆರಿಗೆ ಬಾಕಿ ತೀರಿಸಿದ ರಸೀದಿ, ಮರಣ ಪ್ರಮಾಣಪತ್ರ, ವಂಶವೃಕ್ಷ ಇವುಗಳೊಂದಿಗೆ ಅರ್ಜಿ ಕೊಟ್ಟು ಇ-ಖಾತೆ ಪಡೆದಿಡಿ. ಮಾರುವ ಯೋಚನೆ ಇಲ್ಲದಿದ್ದರೂ ಇದು ಬೇಕು.

ಮಾರ್ಗಸೂಚಿ ದರದ ಮುಂದಿನ ಪರಿಷ್ಕರಣೆಯ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಸಾಮಾನ್ಯವಾಗಿ 15 ದಿನಗಳ ಅವಕಾಶವಿರುತ್ತದೆ. ನಮ್ಮಲ್ಲಿ ಅದನ್ನು ಬಳಸುವವರು ತೀರಾ ಕಡಿಮೆ. ಹೆದ್ದಾರಿ ಪಕ್ಕದ ತೋಟಕ್ಕೂ ಜೀಪ್ ಮಾತ್ರ ಹೋಗುವ ಬಾಣೆಗೂ ಒಂದೇ ದರ ಹಾಕಿದ್ದರೆ, ನಿಮ್ಮ ಸರ್ವೆ ನಂಬರ್, ದಾರಿಯ ಸ್ಥಿತಿ, ಆನೆ ಹಾವಳಿಯ ದಾಖಲೆ, ಇತ್ತೀಚೆಗೆ ಅಕ್ಕಪಕ್ಕದಲ್ಲಿ ಆದ ಕ್ರಯದ ಬೆಲೆ ಇವನ್ನು ಬರೆದು ಉಪನೋಂದಣಾಧಿಕಾರಿಗಳಿಗೆ ಕೊಡಿ, ಸ್ವೀಕೃತಿ ಪಡೆಯಿರಿ.

ರಸ್ತೆಯ ವಿಷಯದಲ್ಲಿ ಅದು ಯಾರ ರಸ್ತೆ ಎಂಬುದನ್ನು ಮೊದಲು ತಿಳಿಯಬೇಕು. ಮಡಿಕೇರಿಯಿಂದ ಮಂಗಳೂರಿಗೆ ಇಳಿಯುವ 275ನೇ ರಾಷ್ಟ್ರೀಯ ಹೆದ್ದಾರಿಗೆ ಹಣ ಕೊಡುವುದು ಕೇಂದ್ರ. ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದು. ಊರೊಳಗಿನ ರಸ್ತೆ ಪಂಚಾಯತ್‌ರಾಜ್ ವ್ಯವಸ್ಥೆಯದು. ನಿಮ್ಮದು ಪಂಚಾಯಿತಿಯ ರಸ್ತೆಯಾಗಿದ್ದರೆ ಡಾಂಬರಿಗಾಗಿ ಮನವಿ ಕೊಟ್ಟು ಕಾಯುವುದರ ಬದಲು, ಗ್ರಾಮಸಭೆಯಲ್ಲಿ ಚರಂಡಿ ಮತ್ತು ಮೋರಿಯ ಕೆಲಸವನ್ನು ಮಾತ್ರ ಕ್ರಿಯಾಯೋಜನೆಗೆ ಸೇರಿಸುವಂತೆ ಪಟ್ಟು ಹಿಡಿಯಿರಿ. ಪಂಚಾಯಿತಿಯ ಸ್ವಂತ ವರಮಾನದಲ್ಲಿ, ಹಣಕಾಸು ಆಯೋಗದ ಅನುದಾನದಲ್ಲಿ ಆಗಬಹುದಾದ ಗಾತ್ರದ ಕೆಲಸ ಅದು. ಅದಕ್ಕೆ ಬೆಂಗಳೂರಿನ ಹಣಕಾಸು ಇಲಾಖೆಯ ಸಹಿ ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ತೋಟದ ಮೇಲ್ಭಾಗದ ಚರಂಡಿಯ ಚಿತ್ರವನ್ನು ಮೇ ತಿಂಗಳಲ್ಲಿ ದಿನಾಂಕದೊಂದಿಗೆ ತೆಗೆದು, ಪಂಚಾಯಿತಿಗೆ ಪತ್ರ ಕೊಟ್ಟು, ಪ್ರತಿಯನ್ನು ಇಟ್ಟುಕೊಳ್ಳಿ. ಬರೆ ಜರಿದು ಪರಿಹಾರಕ್ಕೆ ಅರ್ಜಿ ಹಾಕಬೇಕಾಗಿ ಬಂದರೆ ಆ ಪತ್ರ ನಿಮ್ಮ ಪರವಾಗಿ ನಿಲ್ಲುತ್ತದೆ.

ಪಾಲು ದಾಖಲಾದ ಮೇಲೆ ತಮ್ಮನವರು ತಮ್ಮ ಭಾಗವನ್ನು ಮಾರಲೇಬೇಕೆಂದರೆ ಅದು ಅವರ ಹಕ್ಕು. ಆಗ ಹೊರಗಿನವರಿಗೆ ಮಾತು ಕೊಡುವ ಮೊದಲು ನಿಮಗೆ ಅಥವಾ ಒಕ್ಕದ ಇನ್ನೊಬ್ಬರಿಗೆ ಕೇಳಬೇಕೆಂಬ ಷರತ್ತನ್ನೂ, ನಿಮ್ಮ ತೋಟಕ್ಕೆ ಹೋಗುವ ದಾರಿ ಹಾಗೂ ನೀರಿನ ಮೂಲದ ಹಕ್ಕನ್ನೂ ಪಾಲುಪತ್ರದಲ್ಲೇ ಈಗಲೇ ಬರೆಸಿಕೊಳ್ಳಿ. ಕ್ರಯಪತ್ರವಾದ ನಂತರ ಅದನ್ನು ಹೊಸ ಮಾಲೀಕರಿಂದ ಕೇಳಿ ಪಡೆಯುವುದು ಬಹಳ ಕಷ್ಟ.